ಪಿಎಚ್‌ಡಿ ಗೈಡ್ "ಸೀಟ್ ಇದೆ, ಕಾಯಿ" ಅಂದು 14 ತಿಂಗಳಾಯ್ತು. ಕಾಯೋದಾ, ಪ್ರಾಜೆಕ್ಟ್‌ಗೆ ಸೇರೋದಾ?

ಹೊಂಗೆ ನೆರಳು:
ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ಮನೆ ಓದ್ಕೊಂಡು ಹೋಗ್ತಿದ್ದೆ, ಇವತ್ತು ಬರೀಲೇಬೇಕಾಯ್ತು.

ನಂದು ಎಂ.ಎಸ್ಸಿ. ಸಸ್ಯಶಾಸ್ತ್ರ, ಶೇ. 63. ವಯಸ್ಸು 32. ಆರು ವರ್ಷದಿಂದ ಒಂದು ಪದವಿ ಕಾಲೇಜಲ್ಲಿ ಅತಿಥಿ ಉಪನ್ಯಾಸಕಿ. ಮನೆ ಕೆಂಗೇರಿ ಉಪನಗರ. ಮೂರನೇ ಪ್ರಯತ್ನಕ್ಕೆ ನೆಟ್ (ಉಪನ್ಯಾಸಕರ, ಸಂಶೋಧಕರ ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಆಯ್ತು, ಅದೂ ಮೂರನೇ ಕೆಟಗರಿ. ಅಂದ್ರೆ ಪಿಎಚ್‌ಡಿ ಪ್ರವೇಶಕ್ಕೆ ಮಾತ್ರ, ಫೆಲೋಶಿಪ್ ಇಲ್ಲ.

ನಗರದ ಒಂದು ವಿವಿಯ ಪ್ರೊಫೆಸರ್ ಹತ್ರ ಹೋದ ವರ್ಷ ಮಾತಾಡಿದ್ದೆ. ಹೆಸರು ಬೇಡ, ಮನುಷ್ಯ ಒಳ್ಳೇವ್ರು. "ನನ್ನ ಕೈಲಿ ಒಂದು ಸೀಟ್ ಖಾಲಿ ಆಗುತ್ತೆ ಕಣಮ್ಮ, ಪ್ರವೇಶದ ನೋಟಿಫಿಕೇಶನ್ ಬರ್ಲಿ, ಕಾಯಿ" ಅಂದ್ರು. ಕಾದೆ. ಕಾಯ್ತಾ ಕಾಯ್ತಾ ಅವರ ವಿಭಾಗದ ಹರ್ಬೇರಿಯಂಗೆ (ಒಣಗಿಸಿದ ಸಸ್ಯಗಳ ಸಂಗ್ರಹ) ಇನ್ನೂರು ಚಿಲ್ಲರೆ ಹಾಳೆಗೆ ಲೇಬಲ್ ಬರೆದುಕೊಟ್ಟೆ, ಸೆಮಿನಾರ್‌ಗೆ ಸ್ಲೈಡ್ ಮಾಡಿಕೊಟ್ಟೆ. ನೋಟಿಫಿಕೇಶನ್ ಮಾತ್ರ ಬರಲಿಲ್ಲ. ಈ ನೆಟ್ ಅಂಕಕ್ಕೆ ಒಂದೇ ವರ್ಷದ ಆಯಸ್ಸು, ಅದ್ರಲ್ಲಿ ಏಳು ತಿಂಗಳು ಆಗ್ಲೇ ಹೋಯ್ತು.

ಈಗ ಉತ್ತರ ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯಿಂದ ಪ್ರಾಜೆಕ್ಟ್ ಅಸೋಸಿಯೇಟ್ ಹುದ್ದೆಗೆ ಕರೆ ಬಂದಿದೆ. ಎರಡು ವರ್ಷದ್ದು. "ಮುಂದೆ ಪಿಎಚ್‌ಡಿಗೂ ಅವಕಾಶ ಆಗಬಹುದು" ಅಂದಿದ್ದಾರೆ. ಸೋಮವಾರದೊಳಗೆ ಹೇಳ್ಬೇಕು. ಏನು ಮಾಡ್ಲಿ?

ಸಿಂಗಲ್ ಇಡ್ಲಿ:
ಇನ್ನೂರು ಲೇಬಲ್ಲಾ! ಅಕ್ಕಾ, ಅದಕ್ಕೆ ಪಿಎಚ್‌ಡಿ ಅನ್ನಲ್ಲ, ಬಿಟ್ಟಿ ಚಾಕರಿ ಅಂತಾರೆ.

8ನೇ ಕ್ರಾಸ್ ಮಲ್ಲೇಶ್ವರ:
ಕಣ್ಣು ಮುಚ್ಕೊಂಡು ಪ್ರಾಜೆಕ್ಟ್‌ಗೆ ಸೇರಿ ಮೇಡಂ. ದುಡ್ಡೂ ಬರುತ್ತೆ, ಲ್ಯಾಬ್ ಅನುಭವಾನೂ ಆಗುತ್ತೆ, ಅಲ್ಲೇ ಪಿಎಚ್‌ಡಿನೂ ಆಗೋಗುತ್ತೆ. ಇವತ್ತು ಪಿಎಚ್‌ಡಿ ಇಲ್ದೆ ಅಸಿಸ್ಟೆಂಟ್ ಪ್ರೊಫೆಸರ್ ಅರ್ಜಿನೂ ಹಾಕಕ್ಕಾಗಲ್ಲ.

ನಾಲ್ಕನೇ ಬೆಂಚು:
ಕೊನೇ ವಾಕ್ಯ ತಪ್ಪು. 2023ರ ಜುಲೈ 1ರಿಂದ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಅದನ್ನು ಬದಲಾಯಿಸಿದೆ. ಅಸಿಸ್ಟೆಂಟ್ ಪ್ರೊಫೆಸರ್‌ಗೆ ನೆಟ್ ಅಥವಾ ಸೆಟ್ (ರಾಜ್ಯ ಮಟ್ಟದ ಅರ್ಹತಾ ಪರೀಕ್ಷೆ) ಕನಿಷ್ಠ ಅರ್ಹತೆ, ಪಿಎಚ್‌ಡಿ ಇದ್ರೂ ಆಗುತ್ತೆ, ಇಲ್ದಿದ್ರೂ ಆಗುತ್ತೆ. ಆದ್ರೆ ಹೊಂಗೆ ನೆರಳು ಅವರ ಮೂರನೇ ಕೆಟಗರಿ ಉಪನ್ಯಾಸಕ ಅರ್ಹತೆಗೆ ಲೆಕ್ಕಕ್ಕಿಲ್ಲ. ಮೇಡಂ, ಜೊತೆಗೇ ಕೆ-ಸೆಟ್, ಅಂದ್ರೆ ಕರ್ನಾಟಕದ ಸೆಟ್, ಬರೀರಿ. ಫೆಲೋಶಿಪ್ ಇಲ್ಲ ನಿಜ, ರಾಜ್ಯದೊಳಗೆ ಉಪನ್ಯಾಸಕಿ ಆಗೋಕೆ ಸಾಕು.

ಜಕ್ಕೂರು ಕೆರೆ:
ಮಲ್ಲೇಶ್ವರದವರೇ, "ಅಲ್ಲೇ ಪಿಎಚ್‌ಡಿನೂ ಆಗೋಗುತ್ತೆ" ಅಂತ ಅಷ್ಟು ಸಲೀಸಾಗಿ ಹೇಳ್ಬೇಡಿ. ನಾನು ಆ ಗುಂಡಿಗೆ ಬಿದ್ದು ಎದ್ದವನು.

ಪ್ರಾಜೆಕ್ಟ್ ಹುದ್ದೆ ಬೇರೆ, ಪಿಎಚ್‌ಡಿ ನೋಂದಣಿ ಬೇರೆ. ಪ್ರಾಜೆಕ್ಟ್ ಹುದ್ದೆಗೆ ಆಯ್ಕೆ ಮಾಡೋದು ಆ ಪ್ರಾಜೆಕ್ಟ್ ತಂದ ವಿಜ್ಞಾನಿ, ಸಂಬಳ ಬರೋದು ಆ ಪ್ರಾಜೆಕ್ಟ್‌ನ ದುಡ್ಡಲ್ಲಿ. ದುಡ್ಡು ಮುಗೀತು ಅಂದ್ರೆ ಹುದ್ದೆ ಮುಗೀತು. ಪಿಎಚ್‌ಡಿಗೆ ಆ ಸಂಸ್ಥೆಯದ್ದೇ ಬೇರೆ ಅಧಿಸೂಚನೆ, ಬೇರೆ ಸಂದರ್ಶನ, ಬೇರೆ ಸಮಿತಿ. ಒಳಗೆ ಕೆಲಸ ಮಾಡ್ತಿದ್ದೀರಿ ಅಂತ ಯಾರೂ ಬಾಗಿಲು ತೆಗೆದಿಟ್ಟಿರಲ್ಲ.

ನಾನು 2019ರಲ್ಲಿ ಒಂದು ಕಡೆ (ಈಗಿರೋ ಕಡೆ ಅಲ್ಲ) ಪ್ರಾಜೆಕ್ಟ್‌ಗೆ ಸೇರ್ದೆ. "ಆರು ತಿಂಗಳು ನೋಡೋಣ, ರಿಜಿಸ್ಟರ್ ಮಾಡ್ಸೋಣ" ಅಂದ್ರು. ಆರು ತಿಂಗಳು ಎರಡೂವರೆ ವರ್ಷ ಆಯ್ತು. ಕೊನೇ ದಿನ ನನ್ನ ಪ್ರಯೋಗದ ನೋಟ್‌ಬುಕ್‌ಗಳನ್ನು ಎಣಿಸಿ ಸಹಿ ಹಾಕಿಸ್ಕೊಂಡ್ರು, ಒಟ್ಟು ಹನ್ನೊಂದು. ನಂಗೆ ಸಿಕ್ಕಿದ್ದು ಅನುಭವ ಪತ್ರ ಒಂದು, ಪೇಪರ್ ಒಂದರಲ್ಲಿ ಐದನೇ ಹೆಸರು. ಆ ಪತ್ರದಲ್ಲೂ ನನ್ನ ಇನಿಷಿಯಲ್ ತಪ್ಪು.

ಅದಕ್ಕೇ ಹೊಂಗೆ ಅವರಿಗೆ ನನ್ನ ಒಂದೇ ಮಾತು: ಸೇರೋ ಮುಂಚೆ ಕೇಳಿ. "ಹೋದ ಐದು ವರ್ಷದಲ್ಲಿ ನಿಮ್ಮ ಪ್ರಾಜೆಕ್ಟ್‌ನಲ್ಲಿದ್ದವರು ಎಷ್ಟು ಜನ ಇಲ್ಲೇ ಪಿಎಚ್‌ಡಿಗೆ ನೋಂದಾಯಿಸಿದ್ದಾರೆ?" ಉತ್ತರದಲ್ಲಿ ಸಂಖ್ಯೆ ಇದ್ರೆ ಸರಿ. "ನೋಡೋಣ, ಆಗಬಹುದು" ಅಂದ್ರೆ ಆಗಲ್ಲ ಅಂತ ತಿಳ್ಕೊಳ್ಳಿ.

8ನೇ ಕ್ರಾಸ್ ಮಲ್ಲೇಶ್ವರ:
ಎಲ್ಲಾ ಕಡೆ ಹಂಗಿರಲ್ಲ ಗುರು. ನನ್ನ ತಂಗಿ ಪ್ರಾಜೆಕ್ಟ್‌ನಿಂದಾನೇ ಒಳಗೆ ಹೋಗಿದ್ದು.

ಜಕ್ಕೂರು ಕೆರೆ:
ಹೋಗಲ್ಲ ಅಂದಿಲ್ಲ. ನಿಮ್ಮ ತಂಗಿ ಪರೀಕ್ಷೆ ಬರೆದು, ಸಂದರ್ಶನ ಕೊಟ್ಟೇ ಹೋಗಿರ್ತಾರೆ. ಕೇಳಿ ನೋಡಿ.

8ನೇ ಕ್ರಾಸ್ ಮಲ್ಲೇಶ್ವರ:
ಕೇಳ್ದೆ. ಹೌದಂತೆ 😄 ಎರಡನೇ ಸಲಕ್ಕೆ ಆಗಿದ್ದಂತೆ. ಮೊದಲನೇ ಸಲದ್ದು ಮನೇಲಿ ಹೇಳೇ ಇರ್ಲಿಲ್ಲ ಅವಳು.

ಧಾರವಾಡ ಫೇಡೆ:
ಅಲ್ರೀ ಅಕ್ಕಾರ, ಹದ್ನಾಕು ತಿಂಗ್ಳು ಕಾದೀರಿ ಅಂದ್ರ ನಿಮ್ಮ ತಾಳ್ಮಿಗೆ ದೊಡ್ಡ ನಮಸ್ಕಾರ. ನಮ್ಮ ಕಡೆನೂ ಇದ ಕತಿ. "ಬಾ, ನೋಡೂಣು" ಅಂತಾರ, ನೋಡಕೋತ ಕೂಡೂದ ಆಗತೈತಿ. ಸೀಟು ಅಂಬೋದು ಗೈಡ್ ಬಾಯಾಗ ಇರೂದಿಲ್ಲ, ಕಾಗದದಾಗ ಇರತೈತಿ. ಕಾಗದ ನೋಡಿದ್ರೇನು?

ಹಳೇ ಗುಮಾಸ್ತ:
ಫೇಡೆ ಅವರು ಸರಿಯಾಗಿ ಕೇಳಿದರು. ನಾನು ಒಂದು ವಿಶ್ವವಿದ್ಯಾಲಯದ ಪಿಎಚ್.ಡಿ. ಶಾಖೆಯಲ್ಲಿ ಹನ್ನೆರಡು ವರ್ಷ ಕೂತು ನಿವೃತ್ತನಾದವನು. ಫೈಲಿನ ಭಾಷೆಯಲ್ಲಿ ಹೇಳುತ್ತೇನೆ, ಬೇಸರಿಸಬೇಡಿ.

ಯುಜಿಸಿಯ 2022ರ ನಿಯಮದ ಪ್ರಕಾರ ಪ್ರೊಫೆಸರ್ ಕೈಕೆಳಗೆ ಒಂದು ಕಾಲಕ್ಕೆ 8 ಜನ, ಅಸೋಸಿಯೇಟ್ ಪ್ರೊಫೆಸರ್‌ಗೆ 6, ಅಸಿಸ್ಟೆಂಟ್ ಪ್ರೊಫೆಸರ್‌ಗೆ 4. "ಸೀಟ್ ಖಾಲಿ ಆಗುತ್ತೆ" ಅಂದರೆ ಆ ಎಂಟರಲ್ಲಿ ಯಾರೋ ಒಬ್ಬರು ಮುಗಿಸಿಕೊಂಡು ಹೊರಡಬೇಕು. ಆ ಒಬ್ಬರು ಯಾರು, ಎಲ್ಲಿಗೆ ಬಂದಿದ್ದಾರೆ? ನೋಂದಾಯಿತ ಸಂಶೋಧನಾರ್ಥಿಗಳ ಪಟ್ಟಿಯನ್ನು ಗೈಡ್ ಹೆಸರು, ವಿಷಯ, ದಾಖಲಾದ ದಿನಾಂಕದ ಸಮೇತ ವಿವಿ ತನ್ನ ಜಾಲತಾಣದಲ್ಲಿ ಹಾಕಬೇಕು. ಅದನ್ನು ತೆಗೆದು ಹೆಸರು ಎಣಿಸಿ. ಆಮೇಲೆ ಪಿಎಚ್.ಡಿ. ಪ್ರಬಂಧಗಳ ಜಾಲತಾಣವಾದ ಶೋಧಗಂಗಾದಲ್ಲಿ ಅದೇ ಗೈಡ್ ಹೆಸರು ಹಾಕಿ ಇತ್ತೀಚೆಗೆ ಯಾರ ಪ್ರಬಂಧ ಬಂದಿದೆ ನೋಡಿ. ಅರ್ಧ ಗಂಟೆ ಕೆಲಸ.

ಇನ್ನೊಂದು, ಇದು ಮುಖ್ಯ. ನಿಮ್ಮ ಪ್ರೊಫೆಸರ್ ಅವರಿಗೆ ನಿವೃತ್ತಿ ಯಾವಾಗ? ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಸೇವೆ ಉಳಿದಿರುವವರು ಹೊಸ ವಿದ್ಯಾರ್ಥಿಯನ್ನು ತೆಗೆದುಕೊಳ್ಳುವಂತಿಲ್ಲ. ಇರುವವರನ್ನು ಮುಂದುವರಿಸಬಹುದು, ಹೊಸಬರು ಇಲ್ಲ. ಎಷ್ಟೋ ಗೈಡ್‌ಗಳಿಗೇ ಇದು ನೆನಪಿರುವುದಿಲ್ಲ, ಅರ್ಜಿ ನಮ್ಮ ಟೇಬಲ್‌ಗೆ ಬಂದ ಮೇಲೆ ಮುಖ ಸಪ್ಪೆ ಮಾಡಿಕೊಂಡು ಬರುತ್ತಿದ್ದರು.

ಸಿಂಗಲ್ ಇಡ್ಲಿ:
ಅಯ್ಯೋ, ಸೀರಿಯಲ್ ತರ ಟ್ವಿಸ್ಟು.

ಹಾಫ್ ಕಾಫಿ:
ಗುಮಾಸ್ತ ಸಾರ್, ನಿಯಮ ಎಲ್ಲಾ ಚೆನ್ನಾಗಿದೆ. ಆದ್ರೆ ನಿಮ್ಮಂಥ ಸೆಕ್ಷನ್‌ನವರೇ ಅಲ್ವಾ ಫೈಲ್ ಮೇಲೆ ಕೂತ್ಕೊಳ್ಳೋದು? ನನ್ನ ಕೋರ್ಸ್‌ವರ್ಕ್ ಅಂಕಪಟ್ಟಿಗೆ ಏಳು ಸಲ ಅಲೆದಿದ್ದೀನಿ. "ಸಾಹೇಬ್ರು ಮೀಟಿಂಗ್‌ನಲ್ಲಿದ್ದಾರೆ", "ಊಟಕ್ಕೆ ಹೋಗಿದ್ದಾರೆ", "ನಾಳೆ ಬನ್ನಿ".

ಹಳೇ ಗುಮಾಸ್ತ:
ಒಪ್ಪುತ್ತೇನೆ. ಶಾಖೆಯಲ್ಲಿ ಮಂಜೂರಾದ ಹುದ್ದೆ ಆರು, ಇದ್ದವರು ಇಬ್ಬರು, ಅದರಲ್ಲಿ ಒಬ್ಬ ನಾನು. ಊಟಕ್ಕೆ ಮಾತ್ರ ನಾನು ನಿಜವಾಗಿಯೂ ಹೋಗುತ್ತಿದ್ದೆ.

ತಾತನ ಸೈಕಲ್:
ವಿಷಯ ಸ್ವಲ್ಪ ಬೇರೆ, ಕ್ಷಮಿಸಿ. ನಂದು ಪ್ರಬಂಧ ಸಲ್ಲಿಸಿ ಆಗಿದೆ, ವೈವಾ (ಮೌಖಿಕ ಪರೀಕ್ಷೆ) ಬಾಕಿ. ವಯಸ್ಸು 34 ವರ್ಷ 7 ತಿಂಗಳು. ಪಿಎಚ್‌ಡಿ ಆದ ಮೇಲಿನ ಸಂಶೋಧನೆಗೆ ಎಸ್‌ಇಆರ್‌ಬಿ (ಕೇಂದ್ರದ ವಿಜ್ಞಾನ, ಎಂಜಿನಿಯರಿಂಗ್ ಸಂಶೋಧನಾ ಮಂಡಳಿ) ಕೊಡೋ ನ್ಯಾಷನಲ್ ಪೋಸ್ಟ್‌ಡಾಕ್ ಫೆಲೋಶಿಪ್‌ಗೆ ಹಾಕ್ಬಹುದಾ? ಡಿಗ್ರಿ ಕೈಗೆ ಬರೋದು ಬೇಕಾ?

ನಾಲ್ಕನೇ ಬೆಂಚು:
ಎಸ್‌ಇಆರ್‌ಬಿ ಈಗಿಲ್ಲ. 2023ರ ಕಾಯಿದೆ ಬಂದ ಮೇಲೆ ಅದು ಎಎನ್‌ಆರ್‌ಎಫ್ (ಅನುಸಂಧಾನ್ ನ್ಯಾಷನಲ್ ರಿಸರ್ಚ್ ಫೌಂಡೇಶನ್) ಒಳಗೆ ಸೇರಿದೆ, ಹಳೇ ಹೆಸರಲ್ಲಿ ಹುಡುಕ್ತಾ ಕೂರಬೇಡಿ. ಪ್ರಬಂಧ ಸಲ್ಲಿಸಿ ಪದವಿಗೆ ಕಾಯ್ತಿರೋರೂ ಅರ್ಜಿ ಹಾಕಬಹುದು. ವಯೋಮಿತಿ 35, ಪರಿಶಿಷ್ಟರು, ಹಿಂದುಳಿದ ವರ್ಗ, ಮಹಿಳೆಯರು, ಅಂಗವಿಕಲರಿಗೆ 5 ವರ್ಷ ಸಡಿಲಿಕೆ. ಜೀವಮಾನದಲ್ಲಿ ಒಂದೇ ಸಲ ಸಿಗೋದು. ನೀವು ಸಾಮಾನ್ಯ ವರ್ಗ ಆದ್ರೆ ನಿಮ್ಮ ಕೈಲಿರೋದು ಐದೇ ತಿಂಗಳು, ಕರೆ ಬಂದ ದಿನಾನೇ ಕೂತ್ಕೊಳ್ಳಿ. ನೀವು ಹೋಗೋ ಕಡೆಯ ಮೆಂಟರ್ ಮತ್ತೆ ಸಂಸ್ಥೆಯ ಒಪ್ಪಿಗೆ ಪತ್ರ ಬೇಕಾಗುತ್ತೆ, ಜನ ಸಿಕ್ಕಿಹಾಕ್ಕೊಳ್ಳೋದು ಅಲ್ಲೇ. ಅದು ಸಿಗದಿದ್ರೆ ಯಾವುದಾದ್ರೂ ಪ್ರಾಜೆಕ್ಟ್‌ನಲ್ಲಿ ರಿಸರ್ಚ್ ಅಸೋಸಿಯೇಟ್ ನೋಡಿ. 2023ರ ಪರಿಷ್ಕರಣೆಯಲ್ಲಿ ತಿಂಗಳಿಗೆ 58,000, 61,000, 67,000 ರೂಪಾಯಿ ಅಂತ ಮೂರು ಹಂತ, ಮನೆಬಾಡಿಗೆ ಭತ್ಯೆ ಬೇರೆ.

ತಾತನ ಸೈಕಲ್:
ಹೊರದೇಶಕ್ಕೆ ನೇರವಾಗಿ ಪ್ರೊಫೆಸರ್‌ಗಳಿಗೆ ಮೇಲ್ ಹಾಕಿದ್ರೆ ಉತ್ತರ ಬರುತ್ತಾ? 60 ಜನಕ್ಕೆ ಹಾಕಿದ್ದೀನಿ, ಬಂದಿದ್ದು ಎರಡು, ಎರಡೂ "ರಜೆಯಲ್ಲಿದ್ದೇನೆ" ಅನ್ನೋ ತನ್ನಷ್ಟಕ್ಕೆ ಬರೋ ಉತ್ತರ.

ಕಡಲತಡಿ:
ಮಾರಾಯ್ರೆ, 60 ಜನಕ್ಕೆ ಹಾಕಿದ್ದೇ ಎಡವಟ್ಟು.

ನಾನು ಬೆಂಗಳೂರಲ್ಲಿ ಪಿಎಚ್‌ಡಿ ಮುಗಿಸಿ ಈಗ ಜರ್ಮನಿಯಲ್ಲಿ ಪೋಸ್ಟ್‌ಡಾಕ್. ನಮ್ಮ ಬಾಸ್‌ಗೆ ಬರುವ ಅರ್ಜಿ ಮೇಲ್‌ಗಳನ್ನು ಮೊದಲು ನೋಡುವ ಕೆಲಸ ನಂದೇ, ವಾರಕ್ಕೆ ಇಪ್ಪತ್ತಾದರೂ ಉಂಟು. ಓದುವ ಮುಂಚೆಯೇ ಗೊತ್ತಾಗ್ತದೆ. "ರೆಸ್ಪೆಕ್ಟೆಡ್ ಸರ್ ಆರ್ ಮೇಡಂ, ಗ್ರೀಟಿಂಗ್ಸ್ ಆಫ್ ದ ಡೇ" ಅಂತ ಶುರುವಾದ್ರೆ ಅದು ಊರಿಗೆಲ್ಲ ಹೋದ ಮೇಲ್ ಅಂತಲೇ ಅರ್ಥ. ಹೋದ ತಿಂಗಳು ಒಬ್ಬರು "ನಿಮ್ಮ ಇಂಥಾ ಪೇಪರ್ ನನ್ನ ಬದುಕಿನ ದಿಕ್ಕನ್ನೇ ಬದಲಿಸಿತು" ಅಂತ ಬರೆದಿದ್ರು. ನಾವಿಲ್ಲಿ ಎಲೆಯ ರಂಧ್ರದ ಮೇಲೆ ಕೆಲಸ ಮಾಡುವುದು. ಆ ಪೇಪರ್ ಸಿಮೆಂಟಿನ ಬಿರುಕಿನ ಬಗ್ಗೆ, ನಮ್ಮ ಬಾಸಿನ ಹೆಸರೇ ಇರುವ ಬೇರೆ ಯಾರದ್ದೋ. ಬಾಸ್ ಅದನ್ನು ಪ್ರಿಂಟ್ ತೆಗೆದು ಕಾಫಿ ಮೆಷಿನ್ ಮೇಲೆ ಅಂಟಿಸಿದ್ದಾರೆ. ನಾನು ನಕ್ಕೆ, ಆಮೇಲೆ ನನ್ನದೇ ಹಳೇ ಮೇಲ್‌ಗಳು ನೆನಪಾಗಿ ನಗು ನಿಂತಿತು.

ಆರು ಜನಕ್ಕೆ ಹಾಕಿ. ಒಂದೊಂದಕ್ಕೂ ಎರಡು ದಿನ ತಗೊಳ್ಳಿ. ಮೇಲ್ ಒಂದು ಪರದೆಗೆ ಮುಗೀಬೇಕು: ನಾನು ಯಾರು, ನನ್ನ ಕೈಗೆ ಯಾವ ಕೆಲಸ ಬರ್ತದೆ, ನಿಮ್ಮ ಯಾವ ಪ್ರಶ್ನೆಗೆ ಅದು ಉಪಯೋಗಕ್ಕೆ ಬರ್ತದೆ, ದುಡ್ಡು ಯಾವ ಫೆಲೋಶಿಪ್‌ನಿಂದ. ಈ ಕಡೇದು ಮುಖ್ಯ. "ನಾನು ಮೇರಿ ಕ್ಯೂರಿ ಫೆಲೋಶಿಪ್‌ಗೆ ನಿಮ್ಮ ಜೊತೆ ಅರ್ಜಿ ಹಾಕ್ತೇನೆ" ಅಂದ್ರೆ ಯುರೋಪಿನಲ್ಲಿ ಕಿವಿ ನೆಟ್ಟಗಾಗ್ತದೆ, ಅದು ಯುರೋಪಿಯನ್ ಒಕ್ಕೂಟ ಕೊಡುವ ಪೋಸ್ಟ್‌ಡಾಕ್ ದುಡ್ಡು. ಅದಕ್ಕೆ ಕೊನೇ ದಿನಾಂಕದ ಹೊತ್ತಿಗೆ ಪಿಎಚ್‌ಡಿ ಆಗಿರಬೇಕು, ಆದ ಮೇಲಿನ ಸಂಶೋಧನಾ ಅನುಭವ 8 ವರ್ಷ ದಾಟಿರಬಾರದು, ಹಿಂದಿನ 36 ತಿಂಗಳಲ್ಲಿ ಆ ದೇಶದಲ್ಲಿ 12 ತಿಂಗಳಿಗಿಂತ ಹೆಚ್ಚು ಇದ್ದಿರಬಾರದು. ವಯಸ್ಸಿನ ಮಿತಿ ಇಲ್ಲ, ಹಾಗಾಗಿ ಆ 34 ವರ್ಷ 7 ತಿಂಗಳ ಮಂಡೆಬಿಸಿ ಇಲ್ಲಿ ಬೇಡ.

ಹಾಫ್ ಕಾಫಿ:
"ರೆಸ್ಪೆಕ್ಟೆಡ್ ಸರ್" ಅಂದ್ರೆ ತಪ್ಪೇನ್ರೀ? ನಮ್ಮ ಸಂಸ್ಕೃತಿ ಅದು. ಇಲ್ಲಿನ ಪ್ರೊಫೆಸರ್‌ಗೆ "ಡಿಯರ್" ಅಂತ ಬರೆದು ನೋಡಿ, ಜನ್ಮದಲ್ಲಿ ಸಹಿ ಹಾಕಲ್ಲ.

ಕಡಲತಡಿ:
ಇಲ್ಲಿಗೆ ಇಲ್ಲಿಯದ್ದು, ಅಲ್ಲಿಗೆ ಅಲ್ಲಿಯದ್ದು. ಗೌರವ ಬೇಡ ಅಂದದ್ದಲ್ಲ, ಹೆಸರು ಬರೀರಿ ಅಂದದ್ದು. ಸರ್ರಾ ಮೇಡಮ್ಮಾ ಅಂತ ಕೂಡ ನೋಡದೆ ಕಳಿಸಿದ್ರೆ ಅದೆಂತ ಗೌರವ?

ಸಿಂಗಲ್ ಇಡ್ಲಿ:
ಜೆಆರ್‌ಎಫ್ (ಪಿಎಚ್‌ಡಿ ಮಾಡೋರಿಗೆ ಸಿಗೋ ಫೆಲೋಶಿಪ್) ಅಂದಿದ್ದಕ್ಕೆ ನಮ್ಮ ಮನೆ ಓನರ್ ಕೇಳಿದ್ದು ಇದು: "ಜೆಆರ್‌ಎಫ್ ಅಂದ್ರೆ ಕೆಲ್ಸಾನಾ, ಓದಾ?" ಓದು ಅಂದ್ರೆ ಹುಡುಗರಿಗೆ ಕೊಡಲ್ಲ, ಕೆಲ್ಸ ಅಂದ್ರೆ ಸ್ಯಾಲರಿ ಸ್ಲಿಪ್ ತೋರ್ಸಿ ಅಂತಾರೆ. ಯಲಹಂಕದಲ್ಲಿ ಒಂದು ರೂಮ್ ಒಂದು ಹಾಲ್‌ಗೆ ಹತ್ತು ತಿಂಗಳ ಅಡ್ವಾನ್ಸ್ ಕೇಳ್ತಾರೆ ಸ್ವಾಮಿ.

ಜಕ್ಕೂರು ಕೆರೆ:
ಜೆಆರ್‌ಎಫ್‌ಗೆ ತಿಂಗಳಿಗೆ 37,000 ಜೊತೆಗೆ ಶೇ. 30 ಮನೆಬಾಡಿಗೆ ಸೇರಿ 48,100 ಅಂತ ಕಾಗದದಲ್ಲಿದೆ. 2023ರ ಜನವರಿಗೆ ಮುಂಚೆ 31,000 ಇತ್ತು, ಈಗ ವಾಸಿ. ಆದ್ರೆ ತಿಂಗಳ ಒಂದನೇ ತಾರೀಖು ಬರುತ್ತೆ ಅಂತ ಓನರ್‌ಗೆ ಮಾತು ಕೊಡ್ಬೇಡಿ. ನಂಗೆ ಒಂದು ಸಲ ಐದು ತಿಂಗಳದ್ದು ಒಟ್ಟಿಗೆ ಬಂತು. ಆ ಐದು ತಿಂಗಳು ನಮ್ಮಪ್ಪನ ಪೆನ್ಷನ್‌ನಲ್ಲಿ ವಿಜ್ಞಾನ ನಡೀತು.

ಮಾಗಡಿ ರೋಡ್ ಮಾವು:
ಹೊಂಗೆ ಅವರೇ, ನೀವು ಸಸ್ಯಶಾಸ್ತ್ರ ಅಂದಿದ್ದಕ್ಕೆ ನನ್ನ ಸಂದರ್ಶನದ ಕತೆ ಹೇಳ್ತೀನಿ, ಉಪಯೋಗಕ್ಕೆ ಬಂದ್ರೂ ಬರಬಹುದು. ಐದು ಜನ ಕೂತಿದ್ರು. ನಾನು ಎಂ.ಎಸ್ಸಿ. ಪ್ರಾಜೆಕ್ಟ್ ಬಗ್ಗೆ ಇಪ್ಪತ್ತು ಪುಟ ಬಾಯಿಪಾಠ ಮಾಡ್ಕೊಂಡು ಹೋಗಿದ್ದೆ. ಒಬ್ಬರು ಅದನ್ನೆಲ್ಲ ಪಕ್ಕಕ್ಕಿಟ್ಟು, ಬೋರ್ಡ್ ಕಡೆ ಕೈ ತೋರಿಸಿ, "ಮನೇಲಿ ಉಪ್ಪಿನಕಾಯಿ ಹಾಕ್ತಾರಾ? ಅದು ಯಾಕೆ ಕೆಡಲ್ಲ?" ಅಂದ್ರು.

ಉಪ್ಪು ನೀರನ್ನು ಎಳ್ಕೊಳ್ಳುತ್ತೆ, ಸೂಕ್ಷ್ಮಜೀವಿಗೆ ನೀರು ಸಿಗಲ್ಲ ಅಂದೆ. "ಸರಿ, ಹಾಗಾದ್ರೆ ಮೇಲೆ ಬೂಷ್ಟು ಯಾಕೆ ಬರುತ್ತೆ?" ಬೆವರು ಕಿತ್ಕೊಂಡು ಬಂತು. ಆಮೇಲೆ ಅವರೇ ಒಂದೊಂದೇ ಕೇಳ್ತಾ ಕೇಳ್ತಾ ನನ್ನ ಬಾಯಿಂದಾನೇ ಹೊರಡಿಸಿದ್ರು: ಉಪ್ಪು ಕರಗುವಷ್ಟೂ ಕರಗಿಸಿದ್ರೂ ನೀರಿನ ಲಭ್ಯತೆ (ಶುದ್ಧ ನೀರಿಗೆ 1 ಅಂತ ಲೆಕ್ಕ) 0.75ಕ್ಕಿಂತ ಕೆಳಗಿಳಿಯಲ್ಲ, ಬಹುತೇಕ ಬ್ಯಾಕ್ಟೀರಿಯಾಗೆ 0.9ರ ಮೇಲೆ ಬೇಕು, ಕೆಲವು ಬೂಷ್ಟಿಗೆ ಅದಕ್ಕಿಂತ ಕಡಿಮೆ ಸಾಕು ಆದ್ರೆ ಗಾಳಿ ಬೇಕು, ಎಣ್ಣೆ ನಿಲ್ಲೋದು ಆ ಗಾಳಿ ತಡೆಯೋಕೆ. ಇಪ್ಪತ್ತು ನಿಮಿಷ ಬರೀ ಉಪ್ಪಿನಕಾಯಿ. ಆಯ್ಕೆ ಆದೆ. ಗೊತ್ತಿಲ್ಲ ಅಂತ ಒಪ್ಕೊಂಡು, ಆಮೇಲೂ ಯೋಚನೆ ಮಾಡ್ತಾರಾ ಅಂತ ನೋಡ್ತಾರೆ ಅಷ್ಟೇ.

ಧಾರವಾಡ ಫೇಡೆ:
ಎಣ್ಣಿ ಕಾಸಿ ಆರಿಸಿ ಹಾಕ್ಬೇಕ್ರಿ. ಬಿಸಿ ಹಾಕಿದ್ರ ಕಾಯಿ ಮೆತ್ತಗಾಗತಾವ.

8ನೇ ಕ್ರಾಸ್ ಮಲ್ಲೇಶ್ವರ:
ನಮ್ಮನೇಲಿ ಎಣ್ಣೇನೇ ಹಾಕಲ್ಲ, ಮಿಡಿ ಉಪ್ಪಿನಕಾಯಿಗೆ ಉಪ್ಪು ನೀರೇ. ಎರಡು ವರ್ಷ ಇರುತ್ತೆ.

ಹಾಫ್ ಕಾಫಿ:
ಸ್ವಾಮಿ, ಪಿಎಚ್‌ಡಿ ಬಗ್ಗೆ ಮಾತಾಡೋಣ್ವಾ?

ಹೊಂಗೆ ನೆರಳು:
ಎಲ್ಲರಿಗೂ ಥ್ಯಾಂಕ್ಸ್. ಎರಡು ದಿನ ಇಲ್ಲಿ ಬರಕ್ಕಾಗ್ಲಿಲ್ಲ, ಮೌಲ್ಯಮಾಪನ ಇತ್ತು.

ಗುಮಾಸ್ತ ಸಾರ್ ಹೇಳಿದ ಹಾಗೆ ಮಾಡಿದೆ. ಪಟ್ಟಿಯಲ್ಲಿ ನಮ್ಮ ಪ್ರೊಫೆಸರ್ ಹೆಸರಿನ ಮುಂದೆ ಏಳು ಜನ. ಅಂದ್ರೆ ಸೀಟ್ ಖಾಲಿ ಇರೋದು ನಿಜ, ಅವರು ಸುಳ್ಳು ಹೇಳಿರ್ಲಿಲ್ಲ. ಶೋಧಗಂಗಾದಲ್ಲಿ ಎಂಟನೇಯವರ ಪ್ರಬಂಧಾನೂ ಸಿಕ್ತು. ಆಮೇಲೆ ನಿವೃತ್ತಿ ದಿನಾಂಕ ಹೇಗೆ ಕೇಳೋದು ಅಂತ ಒದ್ದಾಡಿ, ವಿಭಾಗದ ಅಟೆಂಡರ್ ಅಣ್ಣನಿಗೆ ಫೋನ್ ಮಾಡಿದೆ. "ನಮ್ ಸಾಯೇಬ್ರಾ? ಇನ್ನ ಎರಡು ವರ್ಷ ಹತ್ತು ತಿಂಗ್ಳು ಕಣಕ್ಕ, ನಂದೂ ಅವ್ರದ್ದೂ ಒಂದೇ ತಿಂಗ್ಳು" ಅಂದ್ರು.

ಎರಡು ವರ್ಷ ಹತ್ತು ತಿಂಗಳು. ಹೋದ ವರ್ಷ ನಾನು ಹೋಗಿ ಕೇಳಿದಾಗ ನಾಲ್ಕು ವರ್ಷ ಇತ್ತು. ಆಗ ಅಧಿಸೂಚನೆ ಬಂದಿದ್ರೆ ಆಗ್ತಿತ್ತು. ನಾನು ಲೇಬಲ್ ಬರೀತಾ ಕೂತಿದ್ದ ಹೊತ್ತಿಗೇ ಅದು ಮುಗಿದುಹೋಗಿದೆ.

ಹಳೇ ಗುಮಾಸ್ತ:
ಬೇಸರ ಮಾಡಿಕೊಳ್ಳಬೇಡಮ್ಮ. ಅವರನ್ನೇ ಹೋಗಿ ನೇರವಾಗಿ ಕೇಳು. ಆದರೆ "ನೀವು ರಿಟೈರ್ ಆಗ್ತೀರಲ್ಲ ಸಾರ್" ಅಂತ ಶುರು ಮಾಡಬೇಡ. "ಮುಂದಿನ ಅಧಿಸೂಚನೆಯಲ್ಲಿ ನಿಮ್ಮ ಹೆಸರಿನಲ್ಲಿ ಖಾಲಿ ಸ್ಥಾನ ತೋರಿಸುತ್ತಾರಾ ಸಾರ್, ಶಾಖೆಯಲ್ಲಿ ಏನೋ ಮೂರು ವರ್ಷದ ನಿಯಮ ಅಂತಿದ್ದಾರೆ" ಅನ್ನು. ತಪ್ಪು ನಮ್ಮ ಶಾಖೆಯ ಮೇಲೆ ಹಾಕು, ಅದಕ್ಕೇ ನಾವಿರುವುದು.

ಸಿಂಗಲ್ ಇಡ್ಲಿ:
ಗುಮಾಸ್ತ ಸಾರ್‌ಗೆ ಒಂದು ಡಾಕ್ಟರೇಟ್ ಕೊಡ್ರಪ್ಪ ಯಾರಾದ್ರೂ.

ಹೊಂಗೆ ನೆರಳು:
ಇವತ್ತು ಹೋಗಿದ್ದೆ. ಸಾರ್ ಒಂದು ನಿಮಿಷ ಸುಮ್ನಿದ್ರು. ಕನ್ನಡಕ ತೆಗೆದು ಒರೆಸಿಕೊಂಡು, "ಹೌದಲ್ಲಮ್ಮ, ನಾನು ಈ ಕಡೆಯಿಂದ ಲೆಕ್ಕ ಹಾಕೇ ಇರ್ಲಿಲ್ಲ" ಅಂದ್ರು. ಸಿಟ್ಟು ಮಾಡ್ಕೊಂಡು ಹೋಗಿದ್ದೆ, ಅವರ ಮುಖ ನೋಡಿ ಬೈಯೋಕೆ ಆಗ್ಲಿಲ್ಲ. ಆಮೇಲೆ ಕಾರಿಡಾರ್‌ನ ಆ ತುದಿಯ ರೂಮಿಗೆ ಅವರೇ ಕರ್ಕೊಂಡು ಹೋದ್ರು. ಅಸಿಸ್ಟೆಂಟ್ ಪ್ರೊಫೆಸರ್ ಒಬ್ಬರು, ಗೈಡ್‌ಶಿಪ್ ಸಿಕ್ಕಿ ಎರಡು ತಿಂಗಳಾಗಿದೆಯಂತೆ, ನಾಲ್ಕಕ್ಕೆ ನಾಲ್ಕೂ ಖಾಲಿ. ನನಗಿಂತ ಎರಡು ವರ್ಷ ಚಿಕ್ಕವರು. ಲೇಬಲ್‌ಗಳ ಅಕ್ಷರ ನೋಡಿ "ಇದು ನೀವಾ?" ಅಂದ್ರು. ಗುರುವಾರ ಎರಡು ಪುಟದ ಪ್ರಸ್ತಾವನೆ ತಗೊಂಡು ಬನ್ನಿ ಅಂದಿದ್ದಾರೆ. ಅಧಿಸೂಚನೆ ಮುಂದಿನ ತಿಂಗಳು ಅಂತ ಶಾಖೆಯಲ್ಲಿ ಹೇಳಿದ್ರು, ಬಾಯಿ ಮಾತಲ್ಲಿ. ಕಾಗದ ಕೇಳ್ದೆ, ಇನ್ನೂ ಸಹಿ ಆಗಿಲ್ವಂತೆ.

ಪ್ರಾಜೆಕ್ಟ್‌ನವರಿಗೂ ಜಕ್ಕೂರು ಕೆರೆ ಅವರ ಪ್ರಶ್ನೆ ಕಳಿಸಿದ್ದೆ. ಉತ್ತರ ಬಂತು: ಐದು ವರ್ಷದಲ್ಲಿ ಒಂಬತ್ತು ಜನ ಇದ್ರಂತೆ, ನೋಂದಾಯಿಸಿದ್ದು ಇಬ್ಬರು. ನೇರವಾಗಿ ಹೇಳಿದ್ದಕ್ಕೆ ಖುಷಿಯಾಯ್ತು. ಆದ್ರೂ ಬೇಡ ಅಂದೆ.

ಜಕ್ಕೂರು ಕೆರೆ:
ಎರಡು ಅಂತ ಬರೆದು ಹೇಳಿದ್ದಾರೆ ಅಂದ್ರೆ ಅದು ಒಳ್ಳೇ ಲ್ಯಾಬು. ನಾನಾಗಿದ್ರೆ ಸೇರ್ಕೊಂಡೇ ಅರ್ಜಿ ಹಾಕ್ತಿದ್ದೆ. ಅಧಿಸೂಚನೆ ಮತ್ತೆ ಐದು ತಿಂಗಳು ತಡ ಆದ್ರೆ?

ಹೊಂಗೆ ನೆರಳು:
ಆದ್ರೆ ಮತ್ತೆ ನೆಟ್ ಬರೀತೀನಿ. ಜೂನ್ ಹೋದ್ರೆ ಡಿಸೆಂಬರ್. ಪ್ರಾಜೆಕ್ಟ್‌ಗೆ ಸೇರಿದ್ರೆ ಕೆಂಗೇರಿಯಿಂದ ಮೆಟ್ರೋ, ಮೆಜೆಸ್ಟಿಕ್‌ನಿಂದ ಬಸ್, ದಿನಾ ಐದು ಗಂಟೆ ದಾರೀಲೇ, ಮಗಳು ಇನ್ನೂ ಒಂದನೇ ಕ್ಲಾಸು. ಅದನ್ನು ಮೊದಲನೇ ಪೋಸ್ಟಲ್ಲಿ ಬರೆದಿರ್ಲಿಲ್ಲ, ಬರೆದಿದ್ರೆ ಎಲ್ಲರೂ ಅದರ ಮೇಲೇ ಮಾತಾಡ್ತಿದ್ರಿ.

ಧಾರವಾಡ ಫೇಡೆ:
ಖರೇ ಮಾತ್ರಿ. ಗುರುವಾರದ್ದು ಏನಾತು ಅಂತ ಬರೀರಿ ಮತ್ತ.

ತಾತನ ಸೈಕಲ್:
ಆರು ಮೇಲ್‌ನಲ್ಲಿ ಮೊದಲನೇದು ಹಾಕ್ದೆ. ಎರಡು ದಿನ ಅಲ್ಲ, ನಾಲ್ಕು ದಿನ ಹಿಡೀತು.

ಹೊಸ ಸೇರ್ಪಡೆ 77:
ನಮಸ್ಕಾರ, ಗೂಗಲ್‌ನಲ್ಲಿ ಹುಡುಕ್ತಾ ಇಲ್ಲಿಗೆ ಬಂದೆ. ಮಿಡಿ ಉಪ್ಪಿನಕಾಯಿಗೆ ಉಪ್ಪಿನ ಅಳತೆ ಎಷ್ಟು ಅಂತ ಮಲ್ಲೇಶ್ವರದವರು ಹೇಳ್ತೀರಾ?